ಪುಟ ಎಣಿಸುತ್ತಿದ್ದ ಸನ್ಯಾಸಿ

ಓದಲು ಕೂತ ಸನ್ಯಾಸಿಗೆ ಆಕಳಿಕೆ ಶುರುವಾಗುತ್ತದೆ. ಕಣ್ಣುಜ್ಜುತ್ತಾನೆ, ಮೈ ಮುರಿಯುತ್ತಾನೆ. ಪುಸ್ತಕದಿಂದ ಕಣ್ಣು ಕಿತ್ತು ಗೋಡೆ ನೋಡುತ್ತಾನೆ, ಮತ್ತೆ ನಾಲ್ಕು ಸಾಲು ಓದುತ್ತಾನೆ. ಹಾಳೆ ಮಗುಚಿ ಮುಗಿಯುವುದೆಲ್ಲಿ ಎಂದು ಹುಡುಕುತ್ತಾನೆ. ಉಳಿದ ಪುಟಗಳನ್ನು ಎಣಿಸುತ್ತಾನೆ. ಬರವಣಿಗೆ ಸರಿಯಿಲ್ಲ, ಚಿತ್ತಾರ ಚೆನ್ನಾಗಿಲ್ಲ ಎಂದು ಹುಳುಕು ತೆಗೆಯುತ್ತಾನೆ. ಕೊನೆಗೆ ಪುಸ್ತಕ ಮುಚ್ಚಿ ತಲೆಯಡಿಗೆ ಇಟ್ಟುಕೊಂಡು ಮಲಗಿಬಿಡುತ್ತಾನೆ. ಆ ನಿದ್ದೆಯೂ ಗಟ್ಟಿಯದಲ್ಲ. ಸ್ವಲ್ಪ ಹೊತ್ತಿಗೆ ಹಸಿವು ಎಬ್ಬಿಸುತ್ತದೆ.

ಈ ಚಿತ್ರವನ್ನು ಬರೆದಿಟ್ಟವನು ಇವಾಗ್ರಿಯಸ್. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಹೆಸರು ಮಾಡಿದ್ದ ಪಂಡಿತ. ಆ ಗದ್ದಲ ಬಿಟ್ಟು ಈಜಿಪ್ಟಿನ ಮರುಭೂಮಿ ಸೇರಿ, ಪುಸ್ತಕಗಳ ನಕಲು ಬರೆದು ಹೊಟ್ಟೆ ಹೊರೆದು, 399ರಲ್ಲಿ ಅಲ್ಲೇ ತೀರಿಕೊಂಡ. ಮನುಷ್ಯನನ್ನು ಕಾಡುವ ಎಂಟು ಬಗೆಯ ಆಲೋಚನೆಗಳನ್ನು ಆತ ಗುರುತಿಸಿದ್ದ. ಅವುಗಳಲ್ಲೊಂದಕ್ಕೆ ಗ್ರೀಕಿನಲ್ಲಿ ಅಕೀಡಿಯ ಎಂದು ಹೆಸರು. ಕನ್ನಡದಲ್ಲಿ ಒಂದೇ ಪದ ಸಿಗುವುದಿಲ್ಲ. ಬೇಸರ, ಜಡತೆ, ಇದ್ದಲ್ಲಿ ಇರಲಾಗದ ಚಡಪಡಿಕೆ ಎಲ್ಲ ಕಲಸಿದ್ದು ಅದು. ಪುಟ ಎಣಿಸುವ ಸನ್ಯಾಸಿ ಅದರ ರೋಗಿ.

ಈ ಭಾಗವನ್ನು ನಾನು ಮೊದಲು ಓದಿದ್ದು ಫೋನಿನಲ್ಲಿ. ಓದುತ್ತಿದ್ದಾಗಲೇ ಪರದೆಯ ಕೆಳಗೆ ಇನ್ನೆಷ್ಟು ಶೇಕಡಾ ಉಳಿದಿದೆ ಎಂದು ನೋಡಿದ್ದೆ. ಸಿಕ್ಕಿಬಿದ್ದ ಕಳ್ಳನ ನಗು ಬಂತು. ಆದರೆ ಇವಾಗ್ರಿಯಸ್ ನಗಿಸಲು ಬರೆದವನಲ್ಲ, ಗಮನವಿಟ್ಟು ಓದುವುದು ಹೇಗೆ ಎಂದು ಸಲಹೆ ಕೊಡಲು ಬರೆದವನೂ ಅಲ್ಲ. ಓದುವಾಗ ನಿನಗೆ ಏನಾಗುತ್ತದೆಯೋ ಅದೇ ನೀನು ಯಾರೆಂದು ಹೇಳುತ್ತದೆ ಎಂಬುದು ಅವನ ಎಣಿಕೆ. ಆಕಳಿಕೆಯೂ ಒಂದು ಸುದ್ದಿಯೇ, ಅದು ಪುಸ್ತಕದ್ದಲ್ಲ, ಓದುಗನದು.

ಈಗ ಇದೆಲ್ಲ ಯಾಕೆ ನೆನಪಾಗಬೇಕು? ನಾನೂರು ಪುಟದ ಪುಸ್ತಕದ ಸಾರವನ್ನು ಎಐ ಅರ್ಧ ನಿಮಿಷದಲ್ಲಿ ಇಳಿಸಿಕೊಡುವ ಕಾಲದಲ್ಲಿ ಇಡೀ ಪುಸ್ತಕ ಓದುವುದಕ್ಕೆ ಸಮರ್ಥನೆ ಕೇಳುವವರು ಹೆಚ್ಚಿದ್ದಾರೆ. ಓದಿನ ಪರ ವಾದಿಸುವವರು ಭಾಷೆ ಬೆಳೆಯುತ್ತದೆ, ಏಕಾಗ್ರತೆ ಬರುತ್ತದೆ, ಪರರ ಕಷ್ಟ ಅರ್ಥವಾಗುತ್ತದೆ ಎನ್ನುತ್ತಾರೆ. ಎಲ್ಲ ನಿಜ. ಆದರೂ ಇದು ವ್ಯಾಯಾಮದ ಲಾಭ ಹೇಳಿದಂತೆ ಕೇಳಿಸುತ್ತದೆ. ‘ನಮ್ಮನ್ನು ನಾವು ಅರಿಯಲು ಓದಬೇಕು’ ಎಂಬ ಮಾತನ್ನೂ ಯಾರೋ ಒಬ್ಬರು ಪುಸ್ತಕ ಬಿಡುಗಡೆಯ ವೇದಿಕೆಯಲ್ಲಿ ಹೇಳಿಯೇ ಹೇಳುತ್ತಾರೆ, ಚಪ್ಪಾಳೆಯೂ ಬೀಳುತ್ತದೆ. ಕ್ರಿ.ಶ. ಮೂರರಿಂದ ಆರನೇ ಶತಮಾನದವರೆಗೆ ಮೆಡಿಟರೇನಿಯನ್ ಸುತ್ತಲಿನ ಕ್ರೈಸ್ತ ಚಿಂತಕರು ಈ ಮಾತನ್ನು ಚಪ್ಪಾಳೆಗೆ ಬಿಡದೆ, ಅದರ ಹಿಂದೆ ಬಿದ್ದು, ಅದಕ್ಕೊಂದು ವಿಧಾನ ಕಟ್ಟಿದರು. ಅದರಲ್ಲಿನ ಮೋಸಗಳನ್ನೂ ಅವರೇ ಪಟ್ಟಿ ಮಾಡಿದರು. ಸ್ವಂತವನ್ನು ಅರಿಯುವುದೆಂದರೆ ಅವರಿಗೆ ಹಿತವಾದ ಕೆಲಸವಾಗಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು.

ಅವರ ಓದು ಮೈಯಿಂದಲೇ ಬೇರೆಯದಾಗಿತ್ತು. ಪದಗಳ ನಡುವೆ ಜಾಗವಿಲ್ಲದ, ಸಾಲಿಡೀ ಅಂಟಿಕೊಂಡ ಅಕ್ಷರಗಳು. ಎಲ್ಲಿ ಪದ ಮುಗಿಯಿತು, ಎಲ್ಲಿ ವಾಕ್ಯ ನಿಂತಿತು ಎಂಬುದನ್ನು ಓದುವವನೇ ಬಿಡಿಸಬೇಕು, ಮತ್ತು ಬಾಯಿಂದ ಆಡಿದರೆ ಬಿಡಿಸುವುದು ಸಲೀಸು. ಪುಸ್ತಕ ದುಬಾರಿ. ಓದು ಬಲ್ಲವರು ನೂರಕ್ಕೆ ಹತ್ತು ಹದಿನೈದರ ಆಸುಪಾಸು ಎಂದು ಇತಿಹಾಸಕಾರರ ಅಂದಾಜು. ಉಳಿದವರಿಗೆ ಪುಸ್ತಕ ಎಂದರೆ ಕಿವಿಗೆ ಬೀಳುವ ವಸ್ತು. ಒಬ್ಬ ಓದಿ ಹತ್ತು ಜನ ಕೇಳುವ ಗಮಕದ ರೂಢಿ ಬಲ್ಲ ನಮಗೆ ಇದು ತೀರ ಅಪರಿಚಿತವೇನಲ್ಲ. ಸನ್ಯಾಸಿಗಳು ಕೇಳಿದ್ದನ್ನು ಬಾಯಿಪಾಠ ಮಾಡಿ, ಬುಟ್ಟಿ ಹೆಣೆಯುತ್ತಾ ಗುನುಗುತ್ತಿದ್ದರು. ಹಾಗೆ ತಿರುತಿರುಗಿ ಮನಸ್ಸಿಗೆ ತಂದುಕೊಳ್ಳುವುದಕ್ಕೆ ಲ್ಯಾಟಿನ್‌ನಲ್ಲಿ ದನ ಮೇವು ಮೆಲ್ಲುವ ಪದವನ್ನೇ ಬಳಸಿದರು. ನಮ್ಮ ‘ಮೆಲುಕು’ ಅದರ ಅಚ್ಚು ಜೋಡಿ. ಮೇಯುವಾಗ ಆತುರ, ಮೆಲ್ಲುವಾಗ ನಿಧಾನ. ಎರಡನೆಯದರಲ್ಲೇ ರಸ ಇಳಿಯುವುದು.

ಇನ್ನು ‘ನಿನ್ನನ್ನು ನೀನು ಅರಿ’ ಎಂಬ ಮಾತು. ಅದು ಗ್ರೀಕರ ಡೆಲ್ಫಿ ದೇವಾಲಯದ ಶಾಸನ. ಯೇಸುವಿನ ಅನುಯಾಯಿಗಳು ಅದನ್ನು ತಮ್ಮದಾಗಿಸಿಕೊಂಡ ಬಗೆಯಲ್ಲಿ ಒಂದು ಸೊಗಸಾದ ಅನುವಾದದ ಕಥೆಯಿದೆ. ಬೈಬಲಿನ ಪರಮಗೀತೆಯ ಮೊದಲ ಅಧ್ಯಾಯದಲ್ಲಿ ನಲ್ಲೆ ತನ್ನ ನಲ್ಲ ಕುರಿ ಮೇಯಿಸುವುದೆಲ್ಲಿ ಎಂದು ಕೇಳುತ್ತಾಳೆ. ಉತ್ತರ ಬರುತ್ತದೆ: ಚೆಲುವೆಯರಲ್ಲಿ ಚೆಲುವೆಯೇ, ನಿನಗೆ ತಿಳಿಯದಿದ್ದರೆ ಮಂದೆಯ ಹೆಜ್ಜೆ ಹಿಡಿದು ಹೋಗು. ಹೀಬ್ರೂವಿನಲ್ಲಿ ಇದು ದಾರಿ ಹೇಳುವ ಮಾತು, ಅಷ್ಟೇ. ಗ್ರೀಕ್ ಅನುವಾದದಲ್ಲಿ ಅದು ‘ನಿನ್ನನ್ನು ನೀನು ಅರಿಯದಿದ್ದರೆ’ ಎಂದಾಯಿತು. ಮೂರನೇ ಶತಮಾನದ ಅಲೆಕ್ಸಾಂಡ್ರಿಯದ ಕ್ರೈಸ್ತ ವಿದ್ವಾಂಸ ಒರಿಜೆನ್ ಕೈಗೆ ಸಿಕ್ಕಿದ್ದು ಈ ಗ್ರೀಕ್ ಪಾಠ. ಗ್ರೀಕ್ ಜ್ಞಾನಿಗಳಿಗಿಂತ ಮೊದಲೇ ಪರಮಗೀತೆಯ ಕವಿ ಎನ್ನಲಾದ ಸೊಲೊಮೋನ ರಾಜ ಇದನ್ನು ಹೇಳಿಯಾಗಿತ್ತು ಎಂದು ಆತ ಹಿಗ್ಗಿದ. ಆತ್ಮ ತನ್ನ ಚೆಲುವನ್ನೂ ತನ್ನ ಒಲವು ಎತ್ತ ವಾಲಿದೆ ಎಂಬುದನ್ನೂ ಅರಿಯದೆ ಹೋದರೆ ಪರರ ಮಂದೆಯ ಹಿಂದೆ ಅಲೆಯಬೇಕಾಗುತ್ತದೆ ಎಂದು ಪುಟಗಟ್ಟಲೆ ವಿವರಿಸಿದ. ಕ್ರೈಸ್ತ ಆತ್ಮಜ್ಞಾನದ ಒಂದು ಮುಖ್ಯ ಕಂಬ ನಿಂತಿರುವುದು ಅನುವಾದಕನೊಬ್ಬ ಬೇರೆ ಬಗೆಯಲ್ಲಿ ಓದಿಕೊಂಡ ಒಂದು ಸರ್ವನಾಮದ ಮೇಲೆ! ನನಗೆ ಇದರಲ್ಲಿ ದೋಷಕ್ಕಿಂತ ರುಚಿಯೇ ಹೆಚ್ಚು ಕಾಣುತ್ತದೆ.

ಒರಿಜೆನ್ ಹೇಳಿದ ಇನ್ನೊಂದು ಮಾತಿದೆ, ಯೆಹೂದಿ ವಿದ್ವಾಂಸರೊಬ್ಬರಿಂದ ಕೇಳಿದ್ದೆಂದು ಆತನೇ ಒಪ್ಪಿಕೊಂಡದ್ದು. ಧರ್ಮಗ್ರಂಥ ಬೀಗ ಹಾಕಿದ ಬಹಳ ಕೋಣೆಗಳ ಮನೆಯಿದ್ದಂತೆ. ಪ್ರತಿ ಬಾಗಿಲ ಬಳಿಯೂ ಒಂದು ಕೀಲಿಕೈ ಇದೆ. ಆದರೆ ಯಾವುದೂ ಆ ಬಾಗಿಲಿನದಲ್ಲ. ಒಂದು ಕೋಣೆ ತೆರೆಯಲು ಇಡೀ ಮನೆ ಸುತ್ತಬೇಕು. ಸಾರಾಂಶ ಓದಿದವನು ಈ ಮನೆಯ ನಕ್ಷೆ ನೋಡಿರುತ್ತಾನೆ.

ಆದರೆ ಈ ಪರಂಪರೆಯ ನಿಜವಾದ ರೂಪಕ ಮನೆಯಲ್ಲ, ಕನ್ನಡಿ. ಬೈಬಲಿನ ಯಾಕೋಬನ ಪತ್ರದಲ್ಲೇ ಅದರ ಬೀಜವಿದೆ: ವಾಕ್ಯ ಕೇಳಿ ಅದರಂತೆ ನಡೆಯದವನು ಕನ್ನಡಿಯಲ್ಲಿ ಮುಖ ನೋಡಿಕೊಂಡು, ಆಚೆ ಹೋದ ಕೂಡಲೇ ತಾನು ಹೇಗಿದ್ದೆನೆಂದು ಮರೆಯುವವನಂತೆ. ನಾಲ್ಕನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ ಇದನ್ನು ಬೈಬಲಿನ ಪ್ರಾರ್ಥನಾಗೀತೆಗಳಾದ ಕೀರ್ತನೆಗಳಿಗೆ ಹೊಂದಿಸಿದ. ಮಾರ್ಸೆಲಿನಸ್ ಎಂಬುವನಿಗೆ ಬರೆದ ಪತ್ರದಲ್ಲಿ ಆತ ಹೇಳುವುದು ಹೀಗೆ. ಮೋಶೆಯ ಮಾತು ಓದುವಾಗ ಅದು ಮೋಶೆಯದು, ಪ್ರವಾದಿಯ ಮಾತು ಪ್ರವಾದಿಯದು ಎಂದು ನಮಗೆ ಗೊತ್ತಿರುತ್ತದೆ. ಯಾರೂ ‘ನಾನೇ ಮೋಶೆ’ ಎನ್ನುವುದಿಲ್ಲ. ಕೀರ್ತನೆ ಹಾಡುವವನಿಗೆ ಮಾತ್ರ ಆ ಮಾತುಗಳು ತನ್ನವೇ ಆಗಿಬಿಡುತ್ತವೆ. ಸಿಟ್ಟು, ಹೆದರಿಕೆ, ಹೊಟ್ಟೆಕಿಚ್ಚು, ಕೃತಜ್ಞತೆ ಎಲ್ಲ ಅಲ್ಲಿವೆ. ಹಾಡುವವನು ಅದರಲ್ಲಿ ತನ್ನ ಮನಸ್ಸಿನ ಚಲನೆಯನ್ನು ಕಾಣುತ್ತಾನೆ.

ಈ ತಿರುವು ಸಣ್ಣದಲ್ಲ. ನಮ್ಮೊಳಗೆ ಏನಿದೆ ಎಂದು ಕಣ್ಣು ಮುಚ್ಚಿ ಹುಡುಕಿದರೆ ಸಿಗುವುದು ಮಬ್ಬು. ಇನ್ನೊಬ್ಬರು ಯಾವಾಗಲೋ ಬರೆದ ಸಾಲನ್ನು ‘ನಾನು’ ಎಂದು ಉಚ್ಚರಿಸಿದಾಗ ಎಲ್ಲೋ ತೊಡರುತ್ತದೆ, ಅಥವಾ ಎಲ್ಲೋ ಸಲೀಸಾಗಿ ಹರಿಯುತ್ತದೆ. ತೊಡರಿದ ಜಾಗ ನನ್ನದು. ‘ನನ್ನ ಶತ್ರುಗಳನ್ನು ನಾಶಮಾಡು’ ಎಂಬ ಸಾಲು ಎಷ್ಟು ಸಲೀಸಾಗಿ ಬಾಯಿಗೆ ಬಂತು ಎಂಬುದೂ ನನ್ನದೇ. ಇದೇ ಮಾತನ್ನು ಉತ್ತರ ಆಫ್ರಿಕದ ಬಿಷಪ್ ಅಗಸ್ಟೀನ್ ತನ್ನ ಊರಿನ ಜನಕ್ಕೆ ಉಪದೇಶದಲ್ಲಿ ಹೇಳಿದ: ಕೀರ್ತನೆ ಪ್ರಾರ್ಥಿಸಿದರೆ ಪ್ರಾರ್ಥಿಸಿ, ನರಳಿದರೆ ನರಳಿ, ಹಿಗ್ಗಿದರೆ ಹಿಗ್ಗಿ, ಹೆದರಿದರೆ ಹೆದರಿ, ಇಲ್ಲಿ ಬರೆದದ್ದೆಲ್ಲ ನಮ್ಮ ಕನ್ನಡಿ. ಮುಂದೆ ಮಾರ್ಸೆ ನಗರದ ಜಾನ್ ಕ್ಯಾಸಿಯನ್ ಇನ್ನೊಂದು ಹೆಜ್ಜೆ ಇಟ್ಟ. ಪಳಗಿದ ಸನ್ಯಾಸಿ ಕೀರ್ತನೆಯನ್ನು ತಾನೇ ಕಟ್ಟಿದ್ದೋ ಎಂಬಂತೆ ಹಾಡುತ್ತಾನೆ, ಅರ್ಥ ಓದಿನಿಂದ ಬರುವುದಲ್ಲ, ತನ್ನ ಅನುಭವದಿಂದ ಮೊದಲೇ ಎದ್ದು ಬಂದು ಪದವನ್ನು ಎದುರುಗೊಳ್ಳುತ್ತದೆ ಎಂದ. ನಮ್ಮ ಮನಸ್ಸು ಹೊಸದಾದಂತೆ ಗ್ರಂಥದ ಮುಖವೂ ಹೊಸದಾಗುತ್ತದೆ ಎಂದೂ ಹೇಳಿದ. ಇಪ್ಪತ್ತರಲ್ಲಿ ಓದಿದ ಕಾದಂಬರಿಯನ್ನು ಐವತ್ತರಲ್ಲಿ ಮತ್ತೆ ಎತ್ತಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಗಸ್ಟೀನ್ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ಓದುತ್ತಾ ಓದುತ್ತಾ ತಾನು ಆದ ಬಗೆಯನ್ನು ಇಷ್ಟು ವಿವರವಾಗಿ ಬರೆದಿಟ್ಟವರು ಅವನಿಗಿಂತ ಮೊದಲು ನನಗಂತೂ ಸಿಕ್ಕಿಲ್ಲ. ಹುಟ್ಟಿದ್ದು 354ರಲ್ಲಿ, ಇಂದಿನ ಅಲ್ಜೀರಿಯಾದ ತಗಾಸ್ತೆಯಲ್ಲಿ. 397ರ ಸುಮಾರಿಗೆ ಬರೆಯಲು ಹಿಡಿದ ಆತ್ಮಕಥೆ ‘ಕನ್ಫೆಶನ್ಸ್’ ಅನ್ನು ಒಂದು ಓದುವ ಪಟ್ಟಿಯಂತೆಯೂ ನೋಡಬಹುದು. ಬಾಲ್ಯದಲ್ಲಿ ರೋಮನ್ ಕವಿ ವರ್ಜಿಲ್‌ನನ್ನು ಓದಿ, ಪ್ರೇಮಕ್ಕಾಗಿ ಸತ್ತ ಡೈಡೊ ರಾಣಿಗಾಗಿ ಅತ್ತದ್ದು ಅವನಿಗೆ ನೆನಪಿದೆ. ಅದನ್ನು ನೆನೆದು ಬಿಷಪ್ ಅಗಸ್ಟೀನ್ ತನ್ನ ಮೇಲೇ ಹರಿಹಾಯುತ್ತಾನೆ: ಅವಳಿಗಾಗಿ ಅತ್ತೆ, ಒಳಗೆ ಸಾಯುತ್ತಿದ್ದ ನನಗಾಗಿ ಅಳಲಿಲ್ಲ. ಕಥೆ ಓದಿ ಕಣ್ಣೀರು ಹಾಕುವುದೇ ದೊಡ್ಡ ಗುಣ ಎಂದು ನಂಬಿದ ನಮಗೆ ಇದು ಕಟುವಾಗಿ ಕೇಳಿಸುತ್ತದೆ. ಅವನ ದೂರು ಕಣ್ಣೀರಿನ ಮೇಲಲ್ಲ, ಪರರ ದುಃಖದ ಮರೆಯಲ್ಲಿ ನಾವು ನಮ್ಮಿಂದ ತಪ್ಪಿಸಿಕೊಳ್ಳುವುದರ ಮೇಲೆ. ಸರಿಯೋ ತಪ್ಪೋ, ಓದಿನಿಂದ ಸಹಾನುಭೂತಿ ಬೆಳೆಯುತ್ತದೆ ಎಂಬ ಇಂದಿನ ವಾದಕ್ಕೆ ಅದು ಹಾಕುವ ಅಡ್ಡಗಾಲು ಗಟ್ಟಿಯಾದದ್ದು.

ಹತ್ತೊಂಬತ್ತನೇ ವಯಸ್ಸಿಗೆ ರೋಮನ್ ವಾಗ್ಮಿ ಸಿಸೆರೊ ಬರೆದ ‘ಹಾರ್ಟೆನ್ಸಿಯಸ್’ ಸಿಕ್ಕಿತು. ಆ ಪುಸ್ತಕ ಈಗ ಉಳಿದಿಲ್ಲ. ಅದು ತನ್ನ ಆಸೆಗಳ ದಿಕ್ಕನ್ನೇ ಬದಲಿಸಿತು ಎನ್ನುತ್ತಾನೆ. ಅದೇ ಹುಮ್ಮಸ್ಸಿನಲ್ಲಿ ಬೈಬಲ್ ತೆರೆದರೆ ಭಾಷೆ ಒರಟು, ಸಿಸೆರೊನ ಘನತೆಯ ಮುಂದೆ ಸಪ್ಪೆ. ಮುಚ್ಚಿಟ್ಟ. ಆ ಪುಸ್ತಕ ಚಿಕ್ಕವರೊಂದಿಗೆ ಬೆಳೆಯುವಂಥದ್ದು, ನಾನು ಚಿಕ್ಕವನಾಗಲು ಒಪ್ಪಲಿಲ್ಲ ಎಂದು ಮುಂದೆ ಬರೆದ. ಪುಸ್ತಕ ಚೆನ್ನಾಗಿಲ್ಲ ಎಂದು ಎಸೆದ ಕ್ಷಣವೇ ಓದುಗನ ಜಂಬದ ಫೋಟೊ ಆಗಿ ಉಳಿಯಿತು.

384ರಲ್ಲಿ ಮಿಲಾನ್‌ಗೆ ಬಂದ, ಭಾಷಣಕಲೆಯ ಅಧ್ಯಾಪಕನಾಗಿ. ಅಲ್ಲಿ ಬಿಷಪ್ ಆಂಬ್ರೋಸ್ ಓದುವುದನ್ನು ನೋಡಿದ: ಕಣ್ಣುಗಳು ಪುಟದ ಮೇಲೆ ಓಡುತ್ತಿವೆ, ಹೃದಯ ಅರ್ಥ ಹುಡುಕುತ್ತಿದೆ, ಧ್ವನಿ ಮತ್ತು ನಾಲಗೆ ಸುಮ್ಮನಿವೆ. ಬಂದವರು ಕೂತು, ಕಾದು, ಮಾತಾಡಿಸಲು ಧೈರ್ಯ ಸಾಲದೆ ಎದ್ದು ಹೋಗುತ್ತಿದ್ದರು. ಪ್ರಾಚೀನರಿಗೆ ಮೌನದ ಓದೇ ಗೊತ್ತಿರಲಿಲ್ಲ ಎಂಬ ದಂತಕಥೆ ಈ ಪುಟದಿಂದ ಹುಟ್ಟಿಕೊಂಡು ಬಹಳ ಕಾಲ ಓಡಾಡಿತು. ಇತ್ತೀಚಿನ ವಿದ್ವಾಂಸರು ಅದನ್ನು ಒಪ್ಪುವುದಿಲ್ಲ. ಗ್ರೀಕರೂ ರೋಮನ್ನರೂ ಬೇಕೆನಿಸಿದಾಗ ಮೌನವಾಗಿಯೇ ಓದುತ್ತಿದ್ದರು. ಅಗಸ್ಟೀನ್‌ನನ್ನು ಕಾಡಿದ್ದು ಬೇರೆ: ಎದುರಿಗೆ ಜನ ಇದ್ದಾಗಲೂ ಈ ಮನುಷ್ಯ ತನ್ನೊಳಗೆ ಹೋಗಿಬಿಡುತ್ತಾನಲ್ಲ! ಗಂಟಲು ಉಳಿಸಿಕೊಳ್ಳಲೋ, ಪ್ರಶ್ನೆ ಕೇಳುವವರಿಂದ ತಪ್ಪಿಸಿಕೊಳ್ಳಲೋ ಎಂದು ಕಾರಣ ಊಹಿಸುತ್ತಾನೆ. ಮಾತೇ ಬಂಡವಾಳವಾಗಿದ್ದ ಅಧ್ಯಾಪಕನಿಗೆ ಆ ಮೌನ ಒಂದು ಸವಾಲಿನಂತೆ ಕಂಡಿರಬೇಕು.

386ರಲ್ಲಿ ಆಫ್ರಿಕದವನೇ ಆದ ಪೊಂಟಿಸಿಯಾನಸ್ ಎಂಬ ಆಸ್ಥಾನದ ಅಧಿಕಾರಿ ಮನೆಗೆ ಬಂದ. ಪಗಡೆಯ ಮೇಜಿನ ಮೇಲೆ ಬೈಬಲಿನ ಪೌಲನ ಪತ್ರಗಳ ಪ್ರತಿ ಕಂಡು ಅಚ್ಚರಿಪಟ್ಟು, ಈಜಿಪ್ಟಿನ ಸನ್ಯಾಸಿ ಅಂತೋಣಿಯ ಕಥೆ ಹೇಳಿದ. (ಡೋರನಹಳ್ಳಿಗೆ ಹರಕೆ ಹೊರುವವರ ಅಂತೋಣಿ ಇವರಲ್ಲ. ಅವರು ಪಾದುವಾದವರು, ಸುಮಾರು ಒಂಬೈನೂರು ವರ್ಷ ಆಮೇಲಿನವರು.) ಟ್ರಿಯರ್ ನಗರದಲ್ಲಿ ಇಬ್ಬರು ಅಧಿಕಾರಿಗಳು ಯಾವುದೋ ಗುಡಿಸಲಿನಲ್ಲಿ ಅಂತೋಣಿಯ ಜೀವನಚರಿತ್ರೆ ಓದಿ, ನಿಂತ ಕಾಲಲ್ಲೇ ಕೆಲಸ ಬಿಟ್ಟ ಸಂಗತಿಯನ್ನೂ ಹೇಳಿದ. ಅವನು ಹೇಳುತ್ತಿದ್ದರೆ ಅಗಸ್ಟೀನ್‌ಗೆ ಆದದ್ದು ಇದು: ನನ್ನನ್ನು ನಾನೇ ನನ್ನ ಬೆನ್ನ ಹಿಂದೆ ಇಟ್ಟುಕೊಂಡಿದ್ದೆ, ನೋಡಬಾರದೆಂದು, ದೇವರೇ, ನೀನು ಅಲ್ಲಿಂದ ತೆಗೆದು ನನ್ನ ಮುಖದೆದುರು ನಿಲ್ಲಿಸಿದೆ. ಕನ್ನಡಿ ಎಂದರೆ ಏನೆಂದು ಇದಕ್ಕಿಂತ ಚೆನ್ನಾಗಿ ಹೇಳಿದ್ದು ನಾನು ಕಂಡಿಲ್ಲ.

ತೋಟದ ದೃಶ್ಯ ಬಹಳ ಜನಕ್ಕೆ ಗೊತ್ತು. ಅಂಜೂರದ ಮರದ ಕೆಳಗೆ ಅಳುತ್ತಾ ಬಿದ್ದಿದ್ದಾನೆ. ಪಕ್ಕದ ಮನೆಯಿಂದ ಹುಡುಗನದೋ ಹುಡುಗಿಯದೋ ರಾಗದ ದನಿ: ಎತ್ತಿಕೊ ಓದು, ಎತ್ತಿಕೊ ಓದು. ಮಕ್ಕಳ ಆಟದಲ್ಲಿ ಇಂಥದ್ದೊಂದು ಹಾಡು ಇದೆಯೇ ಎಂದು ಯೋಚಿಸುತ್ತಾನೆ, ನೆನಪಾಗುವುದಿಲ್ಲ. ಎದ್ದು ಹೋಗಿ ಪುಸ್ತಕ ತೆರೆದು ಮೊದಲು ಕಣ್ಣಿಗೆ ಬಿದ್ದ ಸಾಲು ಓದುತ್ತಾನೆ. ರೋಮಾಪುರದವರಿಗೆ ಪೌಲ ಬರೆದ ಪತ್ರದ 13ನೇ ಅಧ್ಯಾಯ, ದುಂದೌತಣ, ಕುಡಿತ, ಕಾಮ, ಜಗಳಗಳನ್ನು ಬಿಟ್ಟು ಕ್ರಿಸ್ತನನ್ನು ಧರಿಸಿಕೊಳ್ಳಿ ಎಂಬಲ್ಲಿ. ಮುಂದೆ ಓದುವ ಮನಸ್ಸೂ ಇರಲಿಲ್ಲ, ಅಗತ್ಯವೂ ಇರಲಿಲ್ಲ ಎನ್ನುತ್ತಾನೆ. ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಇಷ್ಟವಾಗುವುದು ಅದರ ಮುಂದಿನ ಎರಡು ಸಾಲು. ಪಕ್ಕದಲ್ಲಿದ್ದ ಗೆಳೆಯ ಅಲಿಪಿಯಸ್ ಎಲ್ಲಿ, ತೋರಿಸು ಎಂದು ಪುಸ್ತಕ ತೆಗೆದುಕೊಂಡು, ಅಗಸ್ಟೀನ್ ಬೆರಳಿಟ್ಟ ಜಾಗದಿಂದ ಮುಂದೆ ಓದುತ್ತಾನೆ: ನಂಬಿಕೆಯಲ್ಲಿ ಬಲಹೀನನಾದವನನ್ನು ಸೇರಿಸಿಕೊಳ್ಳಿರಿ. ಇದು ನನಗೆ ಬರೆದದ್ದು ಎಂದ. ಅದೇ ಪುಟ, ಒಂದು ಸಾಲಿನ ಅಂತರ, ಇಬ್ಬರು ಬೇರೆ ಬೇರೆ ಮನುಷ್ಯರು.

ಇಲ್ಲಿಗೆ ಕಥೆ ಮುಗಿದಿದ್ದರೆ ಅದು ಮತಾಂತರದ ಸಾಕ್ಷಿಯಷ್ಟೇ ಆಗುತ್ತಿತ್ತು. ‘ಕನ್ಫೆಶನ್ಸ್’ನ ಹತ್ತನೇ ಭಾಗ ಅದನ್ನು ಕೆಡಿಸುತ್ತದೆ, ಒಳ್ಳೆಯದಾಗಿಯೇ ಕೆಡಿಸುತ್ತದೆ. ಈಗ ಅವನು ಹಿಪ್ಪೋ ನಗರದ ಬಿಷಪ್. ಊರಿಗೆಲ್ಲ ಗುರು. ಆದರೂ ಚರ್ಚಿನ ಹಾಡು ಕೇಳುವಾಗ ತನಗೆ ಹಿತವಾಗುವುದು ಅರ್ಥದಿಂದಲೋ ರಾಗದಿಂದಲೋ ಎಂದು ಗೊತ್ತಾಗದೆ ಒದ್ದಾಡುತ್ತಾನೆ. ನಿನ್ನ ಕಣ್ಣೆದುರಲ್ಲಿ ನಾನು ನನಗೇ ಒಂದು ಪ್ರಶ್ನೆಯಾಗಿದ್ದೇನೆ, ಅದೇ ನನ್ನ ರೋಗ ಎಂದು ದೇವರಿಗೆ ಹೇಳುತ್ತಾನೆ. ಎಷ್ಟು ಓದಿದರೂ ತಾನು ಪೂರ್ತಿ ಸಿಕ್ಕಲಿಲ್ಲ. ಆತ್ಮಜ್ಞಾನ ಎಂದರೆ ಕೊನೆಗೆ ಒಂದು ಉತ್ತರ ಕೈಗೆ ಬರುವುದು ಎಂದುಕೊಂಡವರು ಇಲ್ಲಿ ನಿರಾಶರಾಗುತ್ತಾರೆ. ಕನ್ನಡದ ಓದುಗರಿಗೆ ಇಲ್ಲಿ ವಚನಕಾರರ ‘ಅರಿವು’ ನೆನಪಾಗುವುದು ಸಹಜ. ಆದರೆ ಹೋಲಿಕೆಗೆ ಅವಸರ ಬೇಡ. ಅಲ್ಲಿ ಅರಿತವನಿಗೆ ಅರಿವೇ ಗುರುವಾಗಬಲ್ಲದು. ಅಗಸ್ಟೀನ್‌ಗೆ ತನ್ನನ್ನು ಪೂರ್ತಿ ಬಲ್ಲವನು ತಾನಲ್ಲ, ದೇವರು. ತನ್ನ ಪುಸ್ತಕವನ್ನು ತಾನೇ ಕೊನೆತನಕ ಓದಲಾರೆ ಎಂಬ ಒಪ್ಪಿಗೆ ಅದು.

ಮತ್ತೆ, ಆ ಕನ್ನಡಿಯಲ್ಲಿ ಕಾಣಿಸದೆ ಹೋದದ್ದೂ ಇದೆ. ಹತ್ತು ವರ್ಷಕ್ಕೂ ಮೀರಿ ಅವನೊಡನೆ ಬಾಳಿ, ಅವನ ಮಗನನ್ನು ಹೆತ್ತು, ಬೇರೆ ಮದುವೆಯ ಏರ್ಪಾಡಿಗಾಗಿ ಆಫ್ರಿಕಕ್ಕೆ ಹಿಂದೆ ಕಳಿಸಲ್ಪಟ್ಟ ಹೆಂಗಸಿನ ಹೆಸರು ಹದಿಮೂರು ಭಾಗಗಳ ಆ ಪುಸ್ತಕದಲ್ಲಿ ಒಮ್ಮೆಯೂ ಬರುವುದಿಲ್ಲ. ಹೃದಯ ಸೀಳಿ ರಕ್ತ ಸುರಿಯಿತು ಎಂದು ಬರೆಯುತ್ತಾನೆ, ಅದು ತನ್ನ ಹೃದಯ. ಹುಡುಗನಾಗಿದ್ದಾಗ ಕದ್ದ ಪೇರ್ ಹಣ್ಣಿಗೆ ಪುಟಗಟ್ಟಲೆ ಜಾಗ ಸಿಕ್ಕಿದೆ. ತನ್ನ ಬಗ್ಗೆ ಇಷ್ಟು ಕರುಣೆಯಿಲ್ಲದೆ ನೋಡಿಕೊಂಡವನ ಕಣ್ಣಿಗೂ ಒಂದು ಕುರುಡು ಮೂಲೆ ಇತ್ತು.

ಓದಿದ ಹೆಂಗಸರ ಕಥೆಯೂ ಇದೇ ಮೂಲೆಗೆ ಸೇರಿದ್ದು. ರೋಮ್‌ನಲ್ಲಿ ಬೈಬಲ್ ಅನುವಾದಕ ಜೆರೋಮ್‌ನ ಸುತ್ತ ಇದ್ದ ಶ್ರೀಮಂತ ವಿಧವೆಯರು ಬೈಬಲನ್ನು ಮೂಲದಲ್ಲೇ ಓದಲು ಹೀಬ್ರೂ ಕಲಿತರು. ಪೌಲಾ ಹೀಬ್ರೂವಿನಲ್ಲೇ ಕೀರ್ತನೆ ಹಾಡಿದರೆ ಲ್ಯಾಟಿನ್ ನಾಲಗೆಯ ಸುಳಿವೇ ಇರುತ್ತಿರಲಿಲ್ಲವಂತೆ. ಮಾರ್ಸೆಲಾ ಸುಮ್ಮನೆ ಒಪ್ಪುವವಳಲ್ಲ, ಪ್ರಶ್ನೆ ಹಾಕಿ ಹಾಕಿ ಅರೆಯುವವಳು. ಜೆರೋಮ್ ರೋಮ್ ಬಿಟ್ಟ ಮೇಲೆ ಪಾದ್ರಿಗಳೂ ಅನುಮಾನ ಬಗೆಹರಿಸಿಕೊಳ್ಳಲು ಅವಳ ಬಳಿ ಬರುತ್ತಿದ್ದರು. ಅವಳೋ, ತನ್ನ ಉತ್ತರವನ್ನೂ ಜೆರೋಮ್‌ನದೆಂದೋ ಇನ್ನಾರದೋ ಎಂದೋ ಹೇಳಿ ಕೊಡುತ್ತಿದ್ದಳು, ಗಂಡಸರಿಗೆ ನೋವಾಗಬಾರದೆಂದು. ಇದನ್ನು ಹೊಗಳಿಕೆಯಾಗಿಯೇ ಬರೆದವನು ಜೆರೋಮ್.

ಆ ಜೆರೋಮ್‌ಗೂ ಓದು ಒಂದು ಏಟು ಕೊಟ್ಟಿತ್ತು. ಮನೆ, ಬಂಧುಗಳು, ರುಚಿಯಾದ ಊಟ ಎಲ್ಲ ಬಿಟ್ಟವನಿಗೆ ರೋಮ್‌ನಲ್ಲಿ ಕಷ್ಟಪಟ್ಟು ಕೂಡಿಸಿದ ಪುಸ್ತಕಗಳನ್ನು ಬಿಡಲಾಗಲಿಲ್ಲ. ಉಪವಾಸ ಮಾಡುವುದು, ಆಮೇಲೆ ಸಿಸೆರೊ ಓದುವುದು. ಒಮ್ಮೆ ಜ್ವರದಲ್ಲಿ ಕನಸು. ನ್ಯಾಯಾಸನದ ಮುಂದೆ ನಿಲ್ಲಿಸಿ ನೀನು ಯಾರು ಎಂದು ಕೇಳುತ್ತಾರೆ. ಕ್ರೈಸ್ತ ಎನ್ನುತ್ತಾನೆ. ಸುಳ್ಳು, ನೀನು ಸಿಸೆರೊನವನು, ನಿನ್ನ ನಿಧಿ ಇರುವಲ್ಲೇ ನಿನ್ನ ಹೃದಯ ಎಂಬ ಉತ್ತರ. ಮೇಲೆ ಚಾವಟಿ. ಇನ್ನು ಲೌಕಿಕ ಪುಸ್ತಕ ಮುಟ್ಟೆನೆಂದು ಕನಸಲ್ಲೇ ಆಣೆ ಮಾಡಿದ. ವರ್ಷಗಳ ನಂತರ ಹಳೆಯ ಗೆಳೆಯ ರುಫಿನಸ್, ಆಣೆ ಏನಾಯಿತು, ಎಲ್ಲ ಕಡೆ ಸಿಸೆರೊ, ವರ್ಜಿಲ್ ಉದ್ಧರಿಸುತ್ತೀಯಲ್ಲ ಎಂದು ಚುಚ್ಚಿದಾಗ, ಅದು ಕನಸು ಮಾರಾಯ ಎಂಬರ್ಥದಲ್ಲಿ ಜಾರಿಕೊಂಡ. ನೀನು ಏನು ಓದುತ್ತೀಯೋ ಅದೇ ನೀನು ಎಂಬ ಮಾತು ಸುಲಭ. ಅದನ್ನು ನಂಬಿ ಬದುಕುವುದು ಜೆರೋಮ್‌ಗೂ ಆಗಲಿಲ್ಲ.

ಓದಿನ ಮೇಲೆ ಅತಿ ಹೆಚ್ಚು ಅನುಮಾನವಿದ್ದದ್ದು ಮರುಭೂಮಿಯವರಿಗೆ. ಪಾಂಬೋ ಎಂಬ ಅಕ್ಷರ ಬಾರದ ಸನ್ಯಾಸಿ ಕೀರ್ತನೆ ಕಲಿಯಲು ಒಬ್ಬನ ಬಳಿ ಹೋದ. ‘ನಾಲಗೆಯಿಂದ ಪಾಪಮಾಡದಂತೆ ನನ್ನ ನಡತೆಯನ್ನು ಕಾಯುವೆನು’ ಎಂಬ ಮೊದಲ ಸಾಲು ಕೇಳಿದವನೇ, ಸಾಕು, ಇದನ್ನು ಮಾಡಿ ಬರುತ್ತೇನೆ ಎಂದು ಎದ್ದ. ಆರು ತಿಂಗಳ ಮೇಲೆ ಸಿಕ್ಕಾಗ ಯಾಕೆ ಬರಲಿಲ್ಲ ಎಂದರೆ, ಇನ್ನೂ ಆಗಿಲ್ಲ. ಬಹಳ ಕಾಲದ ನಂತರ ಇನ್ಯಾರೋ ಕೇಳಿದರು. ಹತ್ತೊಂಬತ್ತು ವರ್ಷವಾಯಿತು, ಈಗ ಹೇಗೋ ಸ್ವಲ್ಪ ಕಲಿತಿದ್ದೇನೆ ಎಂದ. ಐದನೇ ಶತಮಾನದ ಚರ್ಚ್ ಇತಿಹಾಸಕಾರ ಸಾಕ್ರಟಿಸ್ ಇದನ್ನು ದಾಖಲಿಸಿದ್ದಾನೆ. ಇನ್ನೊಬ್ಬ ಸನ್ಯಾಸಿಯ ಬಳಿ ಇದ್ದದ್ದು ಒಂದೇ ಪುಸ್ತಕ, ಯೇಸುವಿನ ಬದುಕು ಹೇಳುವ ಸುವಾರ್ತೆ. ಅದನ್ನು ಮಾರಿ ಹಸಿದವರಿಗೆ ಕೊಟ್ಟ. ‘ನಿನಗಿರುವುದನ್ನು ಮಾರಿ ಬಡವರಿಗೆ ಕೊಡು ಎಂದ ಮಾತನ್ನೇ ಮಾರಿದೆ’ ಎಂದು ಅವನ ವಿವರಣೆ. ಸೆರಾಪಿಯನ್ ಎಂಬ ಹಿರಿಯ, ಕಪಾಟು ತುಂಬ ಪುಸ್ತಕ ಇಟ್ಟುಕೊಂಡವನಿಗೆ, ವಿಧವೆಯರ ಅನಾಥರ ಪಾಲನ್ನು ತಂದು ಇಲ್ಲಿ ಜೋಡಿಸಿದ್ದೀಯ ಎಂದ. ನನ್ನ ಕಪಾಟಿನಲ್ಲಿ ಬಿಚ್ಚದೆ ಇಟ್ಟಿರುವ ಪುಸ್ತಕಗಳ ಮುಂದೆ ನಿಂತು ಈ ಮಾತು ನೆನೆಯುವುದು ಕಷ್ಟ.

ಓದನ್ನು ಕೊಂಡಾಡಿದ ಅಗಸ್ಟೀನ್ ಕೂಡ ಇದನ್ನು ಒಪ್ಪಿದ್ದಾನೆ. ಗ್ರಂಥವನ್ನು ಅರ್ಥಮಾಡಿಕೊಳ್ಳುವುದು ಹೇಗೆಂದು ತಾನೇ ಬರೆದ ಪುಸ್ತಕದಲ್ಲಿ, ನಂಬಿಕೆ, ಭರವಸೆ, ಪ್ರೀತಿ ಗಟ್ಟಿಯಾಗಿ ನೆಲೆಸಿದವನಿಗೆ ಪರರಿಗೆ ಕಲಿಸಲಿಕ್ಕಲ್ಲದೆ ಪುಸ್ತಕ ಬೇಕಿಲ್ಲ, ಹಾಗೆ ಪುಸ್ತಕವಿಲ್ಲದೆ ಮರಳುಗಾಡಿನಲ್ಲಿ ಬಾಳುವವರು ಬಹಳ ಮಂದಿ ಎನ್ನುತ್ತಾನೆ. ಓದು ದೋಣಿ, ದಡವಲ್ಲ. ಅದೇ ಪುಸ್ತಕದಲ್ಲಿ ಇನ್ನೂ ಧೈರ್ಯದ ಮಾತಿದೆ: ಲೇಖಕ ಉದ್ದೇಶಿಸದ ಅರ್ಥವನ್ನು ಹಿಡಿದರೂ, ಅದು ದೇವರ ಮತ್ತು ನೆರೆಯವರ ಮೇಲಿನ ಪ್ರೀತಿಯನ್ನು ಬೆಳೆಸಿದರೆ ಆ ಓದುಗ ಮೋಸಹೋದವನಲ್ಲ. ಅಡ್ಡದಾರಿ ಹಿಡಿದು ಊರು ಸೇರಿದವನಂತೆ. ಆದರೂ ದಾರಿ ತಿದ್ದಬೇಕು, ಅಡ್ಡದಾರಿ ರೂಢಿಯಾದರೆ ಬೇರೆ ಊರಿಗೆ ಒಯ್ದೀತು.

ಇಲ್ಲಿ ಒಂದು ತಕರಾರು ಎತ್ತಲೇಬೇಕು. ಕನ್ನಡಿ ಹಿಡಿದವರು ಯಾರು? ಯಾವ ಪುಸ್ತಕ ಓದಬೇಕು, ಎದೆಯೊಳಗೆ ಎದ್ದ ಯಾವ ಆಲೋಚನೆ ಪಾಪ, ಯಾವುದು ಪುಣ್ಯ ಎಂದು ಮೊದಲೇ ನಿರ್ಧಾರವಾಗಿದ್ದರೆ, ಓದುಗ ಕಂಡುಕೊಳ್ಳುವುದು ತನ್ನನ್ನೋ, ತನಗೆ ಹಾಕಿಕೊಟ್ಟ ಅಚ್ಚನ್ನೋ? ಫ್ರೆಂಚ್ ಚಿಂತಕ ಮಿಶೆಲ್ ಫೂಕೋ 1980ರ ದಶಕದಲ್ಲಿ ಈ ಸನ್ಯಾಸಿಗಳನ್ನೇ ಓದುತ್ತಾ ಕೂತದ್ದು ಇದಕ್ಕಾಗಿ. ಅಂತೋಣಿಯ ಚರಿತ್ರೆಯಲ್ಲಿ ಒಂದು ಸಲಹೆಯಿದೆ: ನಿಮ್ಮ ಮನಸ್ಸಿನ ಚಲನೆಗಳನ್ನು ಪರರಿಗೆ ಒಪ್ಪಿಸಬೇಕೆಂಬಂತೆ ಬರೆದಿಡಿ, ಆ ಬರಹವೇ ಜೊತೆಗಾರರ ಕಣ್ಣಾಗಲಿ, ನಾಚಿಕೆಯಿಂದ ತಪ್ಪು ನಿಲ್ಲುತ್ತದೆ. ಒಂಟಿಯಾಗಿದ್ದಾಗಲೂ ಒಬ್ಬ ನೋಡುವವನನ್ನು ಒಳಗೆ ಕೂರಿಸಿಕೊಳ್ಳುವ ಉಪಾಯ ಇದು. ಕ್ಯಾಸಿಯನ್‌ನ ಮಠಗಳಲ್ಲಿ ಎದ್ದ ಪ್ರತಿ ಆಲೋಚನೆಯನ್ನೂ ಹಿರಿಯನಿಗೆ ಹೇಳಬೇಕು. ಆತ್ಮಜ್ಞಾನ ಮತ್ತು ವಿಧೇಯತೆ ಒಂದೇ ಹಗ್ಗದ ಎರಡು ಎಳೆಗಳಾದವು ಎಂಬ ಫೂಕೋನ ಮಾತನ್ನು ತಳ್ಳಿಹಾಕಲು ನನಗೆ ಆಗುವುದಿಲ್ಲ. ಆದರೆ ಮತ್ತೊಂದು ಬದಿಯೂ ಇದೆ. ಆಳುಗಳ ಸೇವೆ ಪಡೆದು ಬೆಳೆದವನಿಗೂ, ಅಕ್ಷರ ಬಾರದ ಪಾಂಬೋನಿಗೂ ಒಂದೇ ಸಾಲು ಕೊಟ್ಟು, ಇದರ ಮುಂದೆ ನೀವಿಬ್ಬರೂ ಒಂದೇ ಎಂದ ವ್ಯವಸ್ಥೆ ಅದು.

ಆರನೇ ಶತಮಾನಕ್ಕೆ ಬರುವಾಗ ಇದೆಲ್ಲ ನಿಯಮವಾಗಿ ಗಟ್ಟಿಯಾಗಿತ್ತು. ಇಟಲಿಯ ಬೆನೆಡಿಕ್ಟ್ ತನ್ನ ಮಠಕ್ಕೆ ಬರೆದ ನಿಯಮಗಳ 48ನೇ ಅಧ್ಯಾಯದಲ್ಲಿ ಓದಿನ ಗಂಟೆಗಳು ನಿಗದಿಯಾಗಿವೆ. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸಿನ ಕಾಲದಲ್ಲಿ ಪ್ರತಿಯೊಬ್ಬನೂ ಗ್ರಂಥಾಲಯದಿಂದ ಒಂದು ಪುಸ್ತಕ ಪಡೆದು ಮೊದಲಿನಿಂದ ಕೊನೆಯವರೆಗೆ ಬಿಡದೆ ಓದಬೇಕು. ಊಟದ ನಂತರ ಹಾಸಿಗೆಯಲ್ಲಿ ಓದುವವನು ಪಕ್ಕದವನ ನಿದ್ದೆ ಕೆಡದಂತೆ ಓದಿಕೊಳ್ಳಬೇಕು. ಗೊಣಗುವ ಸದ್ದು ಇದ್ದೇ ಇರುತ್ತಿತ್ತೆಂದು ಇದರಿಂದಲೇ ತಿಳಿಯುತ್ತದೆ. ಮತ್ತೆ, ಒಬ್ಬರೋ ಇಬ್ಬರೋ ಹಿರಿಯರು ಓದಿನ ಹೊತ್ತಿನಲ್ಲಿ ಸುತ್ತು ಹಾಕಿ, ಓದದೆ ಹರಟುತ್ತಿರುವವನು ಸಿಕ್ಕರೆ ಹಿಡಿಯಬೇಕು. ಅಂಥವನಿಗೆ ಬೆನೆಡಿಕ್ಟ್ ಬಳಸಿದ ವಿಶೇಷಣ ಇವಾಗ್ರಿಯಸ್‌ನ ಅದೇ ಅಕೀಡಿಯದಿಂದ ಬಂದದ್ದು. ಪುಟ ಎಣಿಸುವವನ ಹಿಂದೆ ಈಗ ಕಾವಲುಗಾರ ನಿಂತಿದ್ದಾನೆ. ಮರುಭೂಮಿಯಲ್ಲಿ ಆಕಳಿಸಿದವನು ತನ್ನ ಆಕಳಿಕೆಯನ್ನು ತಾನೇ ಎದುರಿಸಬೇಕಿತ್ತು. ಮಠದಲ್ಲಿ ಅದು ಶಿಸ್ತಿನ ಪ್ರಶ್ನೆಯಾಯಿತು. ಓದಿದ್ದನ್ನು ಪರೀಕ್ಷೆಯಿಂದ ಅಳೆಯುವ ನಮ್ಮ ಶಾಲೆಗಳು ಈ ಎರಡನೆಯದರ ಬಂಧುಗಳೆಂದು ನನಗೆ ಅನಿಸುತ್ತದೆ.

590ರಿಂದ 604ರವರೆಗೆ ಪೋಪ್ ಆಗಿದ್ದ ಗ್ರೆಗರಿ, ಬೈಬಲಿನ ಯೋಬನ ಗ್ರಂಥದ ಮೇಲೆ 35 ಭಾಗಗಳ ವ್ಯಾಖ್ಯಾನ ಬರೆದ. ಧರ್ಮಗ್ರಂಥ ನಮ್ಮ ಒಳಮುಖ ತೋರುವ ಕನ್ನಡಿ, ಅಲ್ಲಿ ನಮ್ಮ ಕುರೂಪವೂ ಕಾಣುತ್ತದೆ, ಚೆಲುವೂ ಕಾಣುತ್ತದೆ, ಎಷ್ಟು ಮುಂದೆ ಬಂದೆವು, ಇನ್ನೆಷ್ಟು ಉಳಿದಿದೆ ಎಂಬುದೂ ಕಾಣುತ್ತದೆ ಎಂದು ಹಳೆಯ ಮಾತನ್ನು ಮತ್ತೆ ಹೇಳಿದ. ಅವನ ಸ್ವಂತದ ಮಾತು ಬೇರೆ ಎರಡಿವೆ. ಕುರಿಮರಿ ನಡೆದು ದಾಟಬಹುದಾದ, ಆನೆ ಈಜಬಹುದಾದ ನದಿ ಅದು ಎಂಬುದೊಂದು. ದೇವರ ಮಾತು ಓದುವವನೊಂದಿಗೆ ಬೆಳೆಯುತ್ತದೆ ಎಂಬುದು ಇನ್ನೊಂದು.

ಎಐ ಕೊಡುವ ಸಾರಾಂಶದ ಪ್ರಶ್ನೆಗೆ ಈ ಎರಡನೇ ಮಾತು ತಾಗುತ್ತದೆ. ಸಾರಾಂಶ ಓದುವವನೊಂದಿಗೆ ಬೆಳೆಯುವುದಿಲ್ಲ, ಬೆಳೆಯಬೇಕೆಂಬ ಉದ್ದೇಶವೂ ಅದಕ್ಕಿಲ್ಲ. ಅದು ಚೆನ್ನಾಗಿದ್ದಷ್ಟೂ ಎಲ್ಲೂ ತೊಡರುವುದಿಲ್ಲ. ಅಗಸ್ಟೀನ್‌ಗೆ ಒರಟೆನಿಸಿದ ಭಾಷೆ, ಅಲಿಪಿಯಸ್‌ನ ಕಣ್ಣಿಗೆ ಬಿದ್ದ ಮುಂದಿನ ಸಾಲು, ಪಾಂಬೋ ಹತ್ತೊಂಬತ್ತು ವರ್ಷ ದಾಟಲಾಗದ ಆ ಮೊದಲ ಸಾಲು ಇವೆಲ್ಲ ಸಾರಾಂಶದಲ್ಲಿ ಮೊದಲು ಉದುರಿಹೋಗುವ ವಸ್ತುಗಳು. ಮಾಹಿತಿಗಾಗಿ ಓದುವಾಗ ಉದುರಿದರೆ ನಷ್ಟವಿಲ್ಲ, ನಾನೂ ಅಂಥ ಸಾರಾಂಶಗಳನ್ನು ಬಳಸುತ್ತೇನೆ. ಆದರೆ ನನ್ನ ಆಕಳಿಕೆಯನ್ನು ನನ್ನ ಪರವಾಗಿ ಯಂತ್ರ ಆಕಳಿಸಲಾರದು, ಅದರಿಂದ ನನಗೆ ತಿಳಿಯಬೇಕಾದದ್ದೂ ತಿಳಿಯುವುದಿಲ್ಲ. ಬೈಬಲನ್ನು ಬದಿಗಿಟ್ಟು ಬೇರೆ ಪುಸ್ತಕಕ್ಕೆ ಈ ವಿಧಾನ ಒಗ್ಗುತ್ತದೆಯೇ ಎಂದರೆ ಹಳಬರು ಇಲ್ಲ ಎನ್ನುತ್ತಿದ್ದರೇನೋ. ಹಾರ್ಟೆನ್ಸಿಯಸ್ ಓದಿದ ಹುಡುಗನ ಸಾಕ್ಷ್ಯ ಮಾತ್ರ ಒಗ್ಗುತ್ತದೆ ಎನ್ನುತ್ತದೆ.

ಅಗಸ್ಟೀನ್ ತನ್ನ ಎಪ್ಪತ್ತರ ದಶಕದಲ್ಲಿ, 426-27ರಲ್ಲಿ, ತಾನೇ ಬರೆದ ಪುಸ್ತಕಗಳನ್ನೆಲ್ಲ ಸಾಲಾಗಿ ಇಟ್ಟುಕೊಂಡು ಮತ್ತೆ ಓದಿದ, ತಪ್ಪು ಕಂಡಲ್ಲಿ ತಪ್ಪೆಂದು ಬರೆದ. ‘ಕನ್ಫೆಶನ್ಸ್’ ಬಗ್ಗೆ ಮಾತ್ರ, ಬರೆಯುವಾಗ ಕಲಕಿದಂತೆಯೇ ಈಗ ಓದುವಾಗಲೂ ನನ್ನನ್ನು ಕಲಕುತ್ತದೆ ಎಂದ. 430ರ ಬೇಸಿಗೆಯಲ್ಲಿ ವಾಂಡಲರೆಂಬ ಜರ್ಮಾನಿಕ್ ಬುಡಕಟ್ಟಿನ ಸೈನ್ಯ ಹಿಪ್ಪೋ ನಗರವನ್ನು ಮುತ್ತಿತ್ತು. ಒಳಗೆ ಜ್ವರ ಬಂದು ಮಲಗಿದ್ದ ಬಿಷಪ್, ಪಶ್ಚಾತ್ತಾಪದ ಕೆಲವು ಕೀರ್ತನೆಗಳನ್ನು ಹಾಳೆಗಳ ಮೇಲೆ ಬರೆಸಿ ಗೋಡೆಗೆ ಅಂಟಿಸಿಕೊಂಡ. ವೈದ್ಯರು ಬರುವ ಹೊತ್ತು, ಊಟ ತರುವ ಹೊತ್ತು ಬಿಟ್ಟು ಯಾರೂ ಬರಬೇಡಿ ಎಂದ. ಸುಮಾರು ಹತ್ತು ದಿನ, ಜೊತೆಗಿದ್ದ ಪೊಸಿಡಿಯಸ್ ಬರೆದಿಟ್ಟಂತೆ, ಹಾಸಿಗೆಯಲ್ಲಿ ಮಲಗಿ ಗೋಡೆ ನೋಡುತ್ತಾ ಓದುತ್ತಿದ್ದ, ಓದುತ್ತಾ ಅಳುತ್ತಿದ್ದ.